ನೀತಿಯ ಹಿಂದಿನ ಮೌಲ್ಯವನ್ನು ರಾಜಕಾರಣಿ ಬಿಡಿಸಿ ಹೇಳಬೇಕೆ? ಹೇಳುವುದಾದರೆ ಹೇಗೆ?

ಕಡತಜೀವಿ

ಹೊಸ ಯೋಜನೆ ಪ್ರಕಟಿಸುವಾಗ ಮಂತ್ರಿಗಳು ಮೂರು ಸಂಗತಿ ತಪ್ಪದೆ ಹೇಳುತ್ತಾರೆ: ಎಷ್ಟು ಹಣ, ಎಷ್ಟು ಜನಕ್ಕೆ, ಯಾವತ್ತಿನಿಂದ. ಎರಡು ಒಳ್ಳೆಯ ಉದ್ದೇಶಗಳು ಒಂದಕ್ಕೊಂದು ಅಡ್ಡ ಬಂದಾಗ ಯಾವುದನ್ನು ಉಳಿಸಿಕೊಂಡೆವು, ಯಾವುದನ್ನು ಬಿಟ್ಟುಕೊಟ್ಟೆವು ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದನ್ನೂ ಹೇಳಬೇಕು, ಅದೂ ಬರವಣಿಗೆಯಲ್ಲಿ, ಎಂಬುದು ನನ್ನ ವಾದ.

ಬಡವರಿಗೆ ನೆರವು ಕೊಡುವ ಯೋಜನೆಯೊಂದನ್ನು ತೆಗೆದುಕೊಳ್ಳಿ. 1,000 ಕುಟುಂಬಗಳಲ್ಲಿ ನಿಜಕ್ಕೂ ನೆರವು ಬೇಕಾದವು 300 ಎಂದಿಟ್ಟುಕೊಳ್ಳೋಣ. ಮೂರು ದಾಖಲೆ ಕೇಳಿ, ಮನೆಗೆ ಹೋಗಿ ಪರಿಶೀಲಿಸಿದರೆ 60 ಅರ್ಹ ಕುಟುಂಬಗಳು ಹೊರಗುಳಿಯುತ್ತವೆ, 10 ಅನರ್ಹ ಕುಟುಂಬಗಳು ಒಳನುಸುಳುತ್ತವೆ. ಒಂದೇ ದಾಖಲೆ, ಜೊತೆಗೆ ಸ್ವಯಂ ಘೋಷಣೆ ಸಾಕು ಎಂದರೆ ಹೊರಗುಳಿಯುವವರು 15ಕ್ಕೆ ಇಳಿಯುತ್ತಾರೆ, ಒಳನುಸುಳುವವರು 120ಕ್ಕೆ ಏರುತ್ತಾರೆ. ಅಂದರೆ 45 ಬಡ ಕುಟುಂಬಗಳನ್ನು ಒಳತರಲು 110 ಅನರ್ಹರಿಗೂ ಹಣ ಹೋಗುತ್ತದೆ. ಇದು ಸರಿಯೋ ತಪ್ಪೋ ಎಂದು ಯಾವ ಸಾಫ್ಟ್‌ವೇರೂ ಹೇಳಲಾರದು. ಹಸಿದವರು ಒಬ್ಬರೂ ಬಿಟ್ಟುಹೋಗಬಾರದು ಎನ್ನುವವರು ಎರಡನೆಯದನ್ನು ಆರಿಸುತ್ತಾರೆ, ತೆರಿಗೆ ಹಣ ತಪ್ಪು ಕೈ ಸೇರಬಾರದು ಎನ್ನುವವರು ಮೊದಲನೆಯದನ್ನು. ಎರಡೂ ಗೌರವದ ನಿಲುವುಗಳೇ. ಆದರೆ ಸುತ್ತೋಲೆಯಲ್ಲಿ ಕಾಣುವುದು 'ಅರ್ಜಿಯೊಂದಿಗೆ ಮೂರು ದಾಖಲೆ ಲಗತ್ತಿಸತಕ್ಕದ್ದು' ಎಂಬ ಒಂದೇ ಸಾಲು. ಇಷ್ಟು ದೊಡ್ಡ ತೀರ್ಮಾನ ಕರಡು ಬರೆದವರ ಮೇಜಿನ ಮೇಲೆ ಆಗಿಹೋಗಿರುತ್ತದೆ. ಶಾಸನಸಭೆಯಲ್ಲಿ ಯಾರೂ ಅದರ ಬಗ್ಗೆ ತುಟಿ ಬಿಚ್ಚಿರುವುದಿಲ್ಲ.

ಲೆಕ್ಕದಪುಸ್ತಕ

ಕಡತಜೀವಿ ಅವರ ಮಾತಿಗೆ ಒಂದು ಸೇರ್ಪಡೆ. ಮೌಲ್ಯ ಅಡಗಿಕೊಳ್ಳಲು ಅತ್ಯಂತ ಸುರಕ್ಷಿತ ಜಾಗ ಅಂಕಿ. ಪದದಲ್ಲಿದ್ದರೆ ಯಾರಾದರೂ ಜಗಳ ತೆಗೆಯುತ್ತಾರೆ, ಅಂಕಿಯಲ್ಲಿದ್ದರೆ 'ತಜ್ಞರು ಹೇಳಿದ್ದು' ಎಂದು ಸುಮ್ಮನಾಗುತ್ತಾರೆ.

ಹವಾಮಾನ ಬದಲಾವಣೆಯ ಅರ್ಥಶಾಸ್ತ್ರದಲ್ಲಿ ನಡೆದ ಜಗಳ ಇದಕ್ಕೆ ಸಾಕ್ಷಿ. ಮುಂದೆ ಆಗುವ ನಷ್ಟವನ್ನು ಇವತ್ತಿನ ಲೆಕ್ಕಕ್ಕೆ ಇಳಿಸುವ ಡಿಸ್ಕೌಂಟ್ ದರದೊಳಗೆ ಒಂದು ಸಣ್ಣ ಭಾಗವಿದೆ. ಒಬ್ಬ ಮನುಷ್ಯ ನಮಗಿಂತ ತಡವಾಗಿ ಹುಟ್ಟುತ್ತಾನೆ ಎಂಬ ಒಂದೇ ಕಾರಣಕ್ಕೆ ಅವನ ಸುಖದುಃಖಕ್ಕೆ ವರ್ಷಕ್ಕೆ ಎಷ್ಟು ಬೆಲೆ ಕಡಿಮೆ ಮಾಡಬೇಕು ಎಂಬುದೇ ಆ ಭಾಗ. ಬ್ರಿಟನ್ ಸರ್ಕಾರಕ್ಕಾಗಿ 2006ರಲ್ಲಿ ವರದಿ ಕೊಟ್ಟ ನಿಕೋಲಸ್ ಸ್ಟರ್ನ್ ಅದನ್ನು ಶೇ 0.1 ಎಂದು ಹಿಡಿದರು. ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹೌಸ್ ತಮ್ಮ ಮಾದರಿಯಲ್ಲಿ ಶೇ 1.5 ಹಿಡಿದರು. ಕೇಳಲು ಚಿಲ್ಲರೆ ವ್ಯತ್ಯಾಸ. 100 ವರ್ಷ ಚಕ್ರಬಡ್ಡಿ ಹಾಕಿ ನೋಡಿ: 100 ರೂಪಾಯಿಯ ಮುಂದಿನ ನಷ್ಟ ಮೊದಲನೆಯದರಲ್ಲಿ ಇವತ್ತಿಗೆ 90 ರೂಪಾಯಿ, ಎರಡನೆಯದರಲ್ಲಿ 23 ರೂಪಾಯಿಗಿಂತ ಕಡಿಮೆ. ಈಗಲೇ ಎಷ್ಟು ಖರ್ಚು ಮಾಡಬೇಕು ಎಂಬ ಸಲಹೆಯಲ್ಲಿ ಇಬ್ಬರ ನಡುವೆ ಇದ್ದ ಅಂತರದ ದೊಡ್ಡ ಪಾಲು ಇಂಥ ಆಯ್ಕೆಗಳಿಂದಲೇ ಬಂದದ್ದು. ಮೊಮ್ಮಕ್ಕಳ ಮಕ್ಕಳಿಗೆ ನಾವೆಷ್ಟು ಋಣಿ ಎಂಬ ಪ್ರಶ್ನೆಯನ್ನು ದಶಮಾಂಶದ ಬಲಗಡೆಯ ಒಂದು ಅಂಕಿ ತೀರ್ಮಾನಿಸಿಬಿಡುತ್ತದೆ.

ಇನ್ನೊಂದು: ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ವಾಯುಮಾಲಿನ್ಯ ನಿಯಮದ ಒಂದು ವಿಶ್ಲೇಷಣೆಯಲ್ಲಿ 70 ದಾಟಿದವರ ಜೀವ ಉಳಿಸುವುದಕ್ಕೆ ಶೇ 37ರಷ್ಟು ಕಡಿಮೆ ಬೆಲೆ ಕಟ್ಟಿತ್ತು. 2003ರಲ್ಲಿ ಅದು ಹೊರಬಿದ್ದು ಹಿರಿಯರು ಸಿಡಿದೆದ್ದಾಗ ಸಂಸ್ಥೆಯ ಮುಖ್ಯಸ್ಥೆ ಆ ಲೆಕ್ಕವನ್ನು ಕೈಬಿಟ್ಟರು. ಅದು ತಪ್ಪು ಎಂದೇ ನಾನು ಹೇಳುತ್ತಿಲ್ಲ. ಉಳಿದ ಆಯುಸ್ಸನ್ನು ಎಣಿಸಬೇಕೆನ್ನುವ ವಾದಕ್ಕೂ ತಲೆಬಾಲ ಇದೆ. ಆದರೆ ಬಾಯಿಬಿಟ್ಟು ಹೇಳಿ ಸಮರ್ಥಿಸಿಕೊಳ್ಳಲಾಗದ್ದನ್ನು ಕೋಷ್ಟಕದೊಳಗೆ ತುರುಕಬಾರದು.

ಸಂದೇಹಿ

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ, ಆದರೂ ಒಂದು ತಕರಾರು. ರಾಜಕಾರಣಿಗಳು ಮೌಲ್ಯ ಹೇಳುವುದಿಲ್ಲ ಎಂದು ಯಾರಂದರು? ಭಾಷಣದ ತುಂಬ ಅದೇ. ನ್ಯಾಯ, ಸಮಾನತೆ, ಪ್ರಗತಿ, ಎಲ್ಲರ ಏಳಿಗೆ. ಮಂತ್ರಕ್ಕಿಂತ ಉಗುಳೇ ಹೆಚ್ಚು. ನೀವು ಕೇಳಿದ್ದಕ್ಕೆ ಇನ್ನೊಂದು ಪುಟ ತೋರಣ ಕಟ್ಟಿಕೊಡುತ್ತಾರೆ, ಅಷ್ಟೇ.

ಕಡತಜೀವಿ

ತೋರಣವನ್ನು ಗುರುತಿಸಲು ಸುಲಭದ ಪರೀಕ್ಷೆ ಇದೆ, ಸಂದೇಹಿ ಅವರೇ. ವಾಕ್ಯವನ್ನು ತಿರುಗಿಸಿ ಓದಿ. 'ನಾವು ನ್ಯಾಯದ ಪರ' ಎಂಬುದನ್ನು ತಿರುಗಿಸಿದರೆ 'ನಾವು ಅನ್ಯಾಯದ ಪರ' ಎಂದಾಗುತ್ತದೆ. ಹಾಗೆನ್ನುವ ಪಕ್ಷ ಭೂಮಿಯ ಮೇಲಿಲ್ಲ, ಆದ್ದರಿಂದ ಆ ವಾಕ್ಯ ಏನನ್ನೂ ಹೇಳಲಿಲ್ಲ. 'ಅನರ್ಹರಿಗೆ ಸ್ವಲ್ಪ ಹಣ ಹೋದರೂ ಚಿಂತೆಯಿಲ್ಲ, ಅರ್ಹರು ತಪ್ಪಬಾರದು' ಎಂಬುದನ್ನು ತಿರುಗಿಸಿ ನೋಡಿ. ಪ್ರಾಮಾಣಿಕವಾಗಿ ವಿರುದ್ಧ ಮತ ಹಾಕುವವರು ಸಿಗುತ್ತಾರೆ. ಎದುರಾಳಿ ಇರುವ ವಾಕ್ಯವೇ ಮೌಲ್ಯದ ವಾಕ್ಯ. ಉಳಿದದ್ದು ಅಡ್ಡಗೋಡೆಯ ಮೇಲಿನ ದೀಪ.

ರಸ್ತೆಗಣಿತ

ಎದುರಾಳಿ ಇರುವ ವಾಕ್ಯಕ್ಕೆ ಸ್ವೀಡನ್‌ಗಿಂತ ಒಳ್ಳೆಯ ಉದಾಹರಣೆ ಸಿಗದು. 1997ರ ಅಕ್ಟೋಬರ್‌ನಲ್ಲಿ ಅಲ್ಲಿನ ಸಂಸತ್ತು 'ವಿಷನ್ ಜೀರೊ' ಒಪ್ಪಿಕೊಂಡಿತು. ರಸ್ತೆ ಸಾರಿಗೆಯಲ್ಲಿ ಜನ ಸಾಯುವುದು ಅಥವಾ ಗಂಭೀರವಾಗಿ ಗಾಯಗೊಳ್ಳುವುದು ನೈತಿಕವಾಗಿ ಎಂದಿಗೂ ಒಪ್ಪತಕ್ಕದ್ದಲ್ಲ ಎಂಬುದು ಅದರ ತಿರುಳು. ಇದೂ ತೋರಣದಂತೆ ಕೇಳಿಸುತ್ತದೆ, ಆದರೆ ಅದರ ಹಿಂದೆಯೇ ಬಂದ ಮಾತು ಕಹಿಯದು: ಪ್ರಯಾಣದ ಸಮಯ ಉಳಿತಾಯವನ್ನೂ ಪ್ರಾಣಹಾನಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಹಳೆಯ ಲೆಕ್ಕ ನಡೆಯದು, ವೇಗ ಸುರಕ್ಷತೆಗೆ ತಲೆಬಾಗಬೇಕು. ಇದಕ್ಕೆ ವಿರೋಧಿಗಳಿದ್ದರು, ಈಗಲೂ ಇದ್ದಾರೆ.

ಮೌಲ್ಯ ನಿಶ್ಚಿತವಾದ ಮೇಲೆ ಎಂಜಿನಿಯರ್‌ನ ಪ್ರಶ್ನೆಯೇ ಬದಲಾಯಿತು. 'ಇಲ್ಲಿ ಚಾಲಕರು ಎಷ್ಟು ವೇಗವಾಗಿ ಹೋಗಲು ಬಯಸುತ್ತಾರೆ' ಎಂಬುದರ ಜಾಗಕ್ಕೆ 'ಮನುಷ್ಯನ ದೇಹ ಎಷ್ಟು ಹೊಡೆತ ತಡೆಯುತ್ತದೆ' ಎಂಬುದು ಬಂತು. ಉತ್ತರಗಳು ಅಂಕಿಯಲ್ಲೇ ಇವೆ. ಪಾದಚಾರಿಗೆ ವಾಹನ ಬಡಿಯುವ ಸಾಧ್ಯತೆ ಇರುವಲ್ಲಿ ಗಂಟೆಗೆ 30 ಕಿ.ಮೀ., ಕಾರುಗಳು ಪಕ್ಕದಿಂದ ಗುದ್ದಬಹುದಾದ ಕೂಡುರಸ್ತೆಯಲ್ಲಿ 50, ಎದುರುಬದುರು ಡಿಕ್ಕಿ ಸಾಧ್ಯವಿರುವಲ್ಲಿ 70. ಅದಕ್ಕಿಂತ ವೇಗ ಬೇಕೆಂದರೆ ನಡುವೆ ತಡೆ ಹಾಕಿ. 13 ಮೀಟರ್ ಅಗಲದ ಹಳೆಯ ರಸ್ತೆಗಳನ್ನು ಮೂರು ಪಥಗಳಾಗಿ ವಿಂಗಡಿಸಿ, ನಡುವೆ ಉಕ್ಕಿನ ಹಗ್ಗದ ತಡೆ ಕಟ್ಟಿ, ಓವರ್‌ಟೇಕ್ ಪಥವನ್ನು ಒಮ್ಮೆ ಆ ಕಡೆಗೆ ಒಮ್ಮೆ ಈ ಕಡೆಗೆ ಬಿಟ್ಟುಕೊಟ್ಟರು. ಸಿಗ್ನಲ್ ಇದ್ದಲ್ಲಿ ವೃತ್ತ ಬಂತು. ವೃತ್ತದಲ್ಲಿ ಸಣ್ಣ ಡಿಕ್ಕಿಗಳು ಆಗಬಹುದು, ಪಕ್ಕದಿಂದ ಬಲವಾಗಿ ಗುದ್ದುವುದು ಆಗದು. ಬಂಪರ್ ಜಜ್ಜಿದರೆ ಜಜ್ಜಲಿ, ಪಕ್ಕೆಲುಬು ಮುರಿಯಬಾರದು. ಬೈಕ್ ಸವಾರರು ಉಕ್ಕಿನ ಹಗ್ಗಕ್ಕೆ ಆಕ್ಷೇಪವೆತ್ತಿದಾಗ ಅವರು ಹಿಡಿದದ್ದೂ ಇದೇ ವಾಕ್ಯವನ್ನು: ಯಾರೂ ಸಾಯಬಾರದು ಎಂದರೆ ನಾವೂ ಅದರಲ್ಲಿ ಸೇರಿದ್ದೇವೆ ತಾನೆ? ಬರೆದಿಟ್ಟ ಮೌಲ್ಯ ಎದುರಾಳಿಗೂ ಕೈಗೆ ಸಿಗುವ ಆಯುಧ.

ಸಂದೇಹಿ

2007ರೊಳಗೆ ಸಾವು ಅರ್ಧಕ್ಕಿಳಿಸುವ ಗುರಿ ಇತ್ತಲ್ಲ? ಅದು ತಪ್ಪಿತು. ಅದನ್ನೂ ಹೇಳಿ.

ರಸ್ತೆಗಣಿತ

ತಪ್ಪಿತು, ಅದೂ ಭಾರೀ ಅಂತರದಲ್ಲಿ. 1997ರಲ್ಲಿ ಸುಮಾರು 540 ಇದ್ದದ್ದು 2007ಕ್ಕೆ 470ರ ಆಸುಪಾಸಿನಲ್ಲಿತ್ತು. ಇಳಿತ ಆಮೇಲೆ ಬಂತು. 2020ರಲ್ಲಿ ಸುಮಾರು 200. ಗುರಿ ತಪ್ಪಿದ್ದು ಎಲ್ಲರಿಗೂ ಗೊತ್ತಾಗಲು ಕಾರಣವೇ ಅದನ್ನು ಮೊದಲು ಬಾಯಿಬಿಟ್ಟು ಹೇಳಿದ್ದು.

ಕೊನೆಬೆಂಚು

ಹೇಳದೇ ಇದ್ದಿದ್ರೆ 'ಗಣನೀಯ ಪ್ರಗತಿ ಸಾಧಿಸಲಾಗಿದೆ' ಅಂತ ಒಂದು ಸಾಲಲ್ಲಿ ಮುಗಿಸಬಹುದಿತ್ತು 🙂

ವೈದ್ಯನೀತಿ

ಆರೋಗ್ಯ ಕ್ಷೇತ್ರದಿಂದ ಒಂದು ಎಚ್ಚರಿಕೆಯ ಪಾಠ. ಅಮೆರಿಕದ ಓರೆಗಾನ್ ರಾಜ್ಯ 1989ರಲ್ಲಿ ಒಂದು ಧೈರ್ಯದ ಕೆಲಸಕ್ಕೆ ಕೈಹಾಕಿತು. ಬಡವರಿಗೆ ಕೊಡುವ ಸರ್ಕಾರಿ ಆರೋಗ್ಯ ವಿಮೆಯಲ್ಲಿ ಕೆಲವರಿಗೆ ಎಲ್ಲ ಚಿಕಿತ್ಸೆ, ಉಳಿದವರಿಗೆ ಏನೂ ಇಲ್ಲ ಎನ್ನುವುದರ ಬದಲು ಹೆಚ್ಚು ಜನರನ್ನು ಒಳತಂದು, ಚಿಕಿತ್ಸೆಗಳನ್ನು ಆದ್ಯತೆಯ ಕ್ರಮದಲ್ಲಿ ಜೋಡಿಸಿ, ಹಣ ಮುಗಿಯುವಲ್ಲಿ ಗೆರೆ ಎಳೆಯುವುದು. ಗೆರೆಯ ಕೆಳಗಿನದು ಸಿಗದು ಎಂದು ಬಹಿರಂಗವಾಗಿ ಹೇಳುವುದು.

1990ರ ಮೊದಲ ಪಟ್ಟಿ ನಗೆಪಾಟಲಾಯಿತು. ಹಲ್ಲಿಗೆ ಕ್ಯಾಪ್ ಹಾಕುವುದು, ಗರ್ಭನಾಳದಲ್ಲಿ ಕಟ್ಟಿದ ಗರ್ಭಕ್ಕೆ ಮಾಡುವ ಶಸ್ತ್ರಚಿಕಿತ್ಸೆಗಿಂತ ಮೇಲೆ ಕುಳಿತಿತ್ತು. ಎರಡನೆಯದನ್ನು ಮಾಡದಿದ್ದರೆ ತಾಯಿ ಸಾಯಬಹುದು. ಹೀಗಾಗಲು ಕಾರಣ ಸೂತ್ರ: ಖರ್ಚನ್ನು ಲಾಭದಿಂದ ಭಾಗಿಸಿದರೆ ಅಗ್ಗದ ಸಣ್ಣ ಲಾಭ, ದುಬಾರಿಯಾದ ದೊಡ್ಡ ಲಾಭವನ್ನು ಹಿಂದೆ ಹಾಕಿಬಿಡುತ್ತದೆ. 'ಸಾಯುತ್ತಿರುವವರನ್ನು ಮೊದಲು ಉಳಿಸಬೇಕು' ಎಂಬ ಜನರ ಮನಸ್ಸಿನ ನಿಯಮಕ್ಕೆ ಸೂತ್ರದಲ್ಲಿ ಜಾಗವೇ ಇರಲಿಲ್ಲ. ಸಾರ್ವಜನಿಕ ಸಭೆಗಳಲ್ಲಿ ಜನ ಹೇಳಿದ್ದನ್ನು ಇಟ್ಟುಕೊಂಡು ಆಯೋಗ ಚಿಕಿತ್ಸೆಗಳನ್ನು ಮೊದಲು 17 ವರ್ಗಗಳಾಗಿ ಮಾಡಿ, ವರ್ಗಗಳನ್ನೇ ಕ್ರಮಕ್ಕಿಟ್ಟಿತು. ಪ್ರಾಣಾಪಾಯದ ಕಾಯಿಲೆಯಾಗಿದ್ದು ಚಿಕಿತ್ಸೆಯಿಂದ ಪೂರ್ತಿ ಗುಣವಾಗುವಂಥವು ತುದಿಗೆ ಬಂದವು. 709 ಸಾಲುಗಳ ಪಟ್ಟಿಯಲ್ಲಿ 587ರ ಕೆಳಗೆ ಗೆರೆ ಬಿತ್ತು.

ಅಲ್ಲಿಗೂ ಮುಗಿಯಲಿಲ್ಲ. 1992ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ನಿರಾಕರಿಸಿತು: ಜೀವನದ ಗುಣಮಟ್ಟಕ್ಕೆ ಅಂಕ ಕೊಡುವ ಸಮೀಕ್ಷೆಯಲ್ಲಿ ಅಂಗವಿಕಲರ ಬದುಕಿಗೆ ಕಡಿಮೆ ಬೆಲೆ ಬಂದಿದೆ ಎಂಬ ಕಾರಣಕ್ಕೆ. ತಿದ್ದುಪಡಿಯಾಗಿ 1994ರ ಫೆಬ್ರವರಿಯಲ್ಲಿ ಯೋಜನೆ ಶುರುವಾಯಿತು. ಮುಚ್ಚಿಟ್ಟ ಪಟ್ಟಿಯಾಗಿದ್ದರೆ ಈ ಮೂರು ತಪ್ಪುಗಳಲ್ಲಿ ಒಂದೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಲೆಕ್ಕದಪುಸ್ತಕ

ಮೂರು? ನನಗೆ ಎರಡು ಕಾಣುತ್ತಿವೆ.

ವೈದ್ಯನೀತಿ

ಎರಡೇ, ನನ್ನ ಎಣಿಕೆ ತಪ್ಪು. ಸೂತ್ರದ್ದು ಒಂದು, ಅಂಗವಿಕಲರದ್ದು ಇನ್ನೊಂದು.

ಕಾಯ್ದೆಕಟ್ಟು

ಎಲ್ಲರೂ ಒಂದೇ ಕಡೆ ವಾಲುತ್ತಿರುವುದರಿಂದ ಎದುರು ಪಕ್ಷ ವಹಿಸುತ್ತೇನೆ. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ 1948ರ ಡಿಸೆಂಬರ್ 10ರಂದು ಅಂಗೀಕಾರವಾಯಿತು. ಪರ 48, ವಿರೋಧ ಸೊನ್ನೆ, ತಟಸ್ಥ 8. ಒಬ್ಬರನ್ನೊಬ್ಬರು ಒಪ್ಪದ ಸಿದ್ಧಾಂತದವರು ಒಂದು ಪಟ್ಟಿಗೆ ಹೇಗೆ ಒಪ್ಪಿದರು ಎಂದು ಕೇಳಿದ್ದಕ್ಕೆ ಬಂದ ಉತ್ತರವನ್ನು ತತ್ತ್ವಜ್ಞಾನಿ ಜಾಕ್ ಮಾರಿತೇನ್ ದಾಖಲಿಸಿದ್ದಾರೆ: ಹಕ್ಕುಗಳ ಬಗ್ಗೆ ಒಪ್ಪಿದ್ದೇವೆ, ಯಾಕೆ ಎಂದು ಮಾತ್ರ ಯಾರೂ ಕೇಳಬಾರದು. ಕಾನೂನು ವಿದ್ವಾಂಸ ಕ್ಯಾಸ್ ಸನ್‌ಸ್ಟೀನ್ ಇಂಥ ಒಪ್ಪಂದಗಳನ್ನು ಸಮರ್ಥಿಸಿದ್ದೂ ಈ ಕಾರಣಕ್ಕೇ. ಬುಡದ ಮೌಲ್ಯ ಕೆದಕಿದರೆ ಒಪ್ಪಂದವೇ ಮುರಿದುಬೀಳಬಹುದು. ಸಮ್ಮಿಶ್ರ ಸರ್ಕಾರದಲ್ಲಿ ಒಬ್ಬ ಪಾಲುದಾರ ದಯೆಯಿಂದ, ಇನ್ನೊಬ್ಬ ಮಿತವ್ಯಯದಿಂದ ಒಂದೇ ಮಸೂದೆಗೆ ಕೈ ಎತ್ತುತ್ತಿದ್ದರೆ, ಇಬ್ಬರನ್ನೂ ಒಂದು ಮೌಲ್ಯದ ಹೇಳಿಕೆಗೆ ಸಹಿ ಹಾಕಿಸುವುದು ಮಸೂದೆಯನ್ನು ಕೊಂದ ಹಾಗೆ.

ಕಡತಜೀವಿ

ಬಲವಾದ ಆಕ್ಷೇಪಣೆ. ಅರ್ಧ ಒಪ್ಪುತ್ತೇನೆ. ಬುಡದ ತತ್ತ್ವ ಬೇಡ. ಧರ್ಮದಿಂದ ಬಂದಿರೋ ಸಿದ್ಧಾಂತದಿಂದ ಬಂದಿರೋ ಅವರವರಿಗೆ ಬಿಟ್ಟದ್ದು. ನಾನು ಕೇಳುತ್ತಿರುವುದು ಅದರ ಮೇಲಿನ ಒಂದು ಮೆಟ್ಟಿಲು: ಈ ಮಸೂದೆಯಲ್ಲಿ ಯಾವುದು ಯಾವುದಕ್ಕಿಂತ ಮೇಲು. ಅದಷ್ಟೂ ಹೇಳದೆ ನಿಯಮವನ್ನು ಕೆಳಗೆ ಕಳಿಸಿದರೆ ಜಗಳ ಮಾಯವಾಗುವುದಿಲ್ಲ, ಕೌಂಟರಿಗೆ ವರ್ಗಾವಣೆಯಾಗುತ್ತದೆ. ನಿಯಮದಲ್ಲಿ ಬರೆಯದ ಪ್ರಕರಣ ಎದುರಿಗೆ ಬಂದೇ ಬರುತ್ತದೆ: ಬೆಂಕಿಯಲ್ಲಿ ದಾಖಲೆ ಕಳೆದುಕೊಂಡವರು, ವಿಳಾಸವೇ ಇಲ್ಲದವರು. 'ಅರ್ಹರು ತಪ್ಪಬಾರದು' ಎಂದು ಬರೆದಿದ್ದರೆ ಅಧಿಕಾರಿ ತಾತ್ಕಾಲಿಕ ಮಂಜೂರಾತಿ ಕೊಡಬಲ್ಲ. ಇಲ್ಲದಿದ್ದರೆ ತನ್ನ ಕುತ್ತಿಗೆ ಉಳಿಸಿಕೊಳ್ಳಲು ತಿರಸ್ಕರಿಸುತ್ತಾನೆ. ತಿರಸ್ಕರಿಸಿದ್ದಕ್ಕೆ ಲೆಕ್ಕಪರಿಶೋಧನೆಯಲ್ಲಿ ಸಾಮಾನ್ಯವಾಗಿ ಆಕ್ಷೇಪ ಬರುವುದಿಲ್ಲ, ಕೊಟ್ಟಿದ್ದಕ್ಕೆ ಬರುತ್ತದೆ.

ಕಾಯ್ದೆಕಟ್ಟು

ಒಪ್ಪಿದೆ. ನನ್ನ ವಾದಕ್ಕೆ ನಾನೇ ಅಡ್ಡ ನಿಲ್ಲುವ ಒಂದು ಉದಾಹರಣೆಯನ್ನೂ ಕೊಡುತ್ತೇನೆ. ಬ್ರಿಟನ್ನಿನ 1998ರ ಮಾನವ ಹಕ್ಕುಗಳ ಕಾಯ್ದೆಯ 19ನೇ ಕಲಂ ಪ್ರಕಾರ, ಮಸೂದೆ ತರುವ ಮಂತ್ರಿ ಅದು ಹಕ್ಕುಗಳಿಗೆ ಹೊಂದುತ್ತದೆ ಎಂದು ಲಿಖಿತವಾಗಿ ಹೇಳಬೇಕು. ಹಾಗೆ ಹೇಳಲಾಗದಿದ್ದರೆ, ಹೇಳಲಾಗುತ್ತಿಲ್ಲ ಆದರೂ ಸರ್ಕಾರ ಮುಂದುವರಿಯಲು ಬಯಸುತ್ತದೆ ಎಂದು ಒಪ್ಪಿಕೊಳ್ಳಬೇಕು. ಟಿವಿ ಮತ್ತು ರೇಡಿಯೊದಲ್ಲಿ ಹಣ ಕೊಟ್ಟು ರಾಜಕೀಯ ಜಾಹೀರಾತು ಹಾಕುವುದರ ಮೇಲಿನ ನಿಷೇಧವನ್ನು ಉಳಿಸಿಕೊಂಡ ಸಂಪರ್ಕ ಮಸೂದೆಗೆ 2002ರಲ್ಲಿ ಎರಡನೆಯ ಬಗೆಯ ಹೇಳಿಕೆಯೇ ಬಂತು. ವಾಕ್‌ಸ್ವಾತಂತ್ರ್ಯಕ್ಕೆ ಪೆಟ್ಟು ಬೀಳಬಹುದು, ಆದರೆ ಹಣವಂತರು ಚರ್ಚೆಯನ್ನೇ ಕೊಂಡುಕೊಳ್ಳುವುದನ್ನು ತಡೆಯುವುದು ಮುಖ್ಯ ಎಂಬ ನಿಲುವು ಬಹಿರಂಗವಾಗಿ ಚರ್ಚೆಯಾಯಿತು. ನಿಷೇಧದ ವಿರುದ್ಧದ ಪ್ರಕರಣ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಮುಟ್ಟಿದಾಗ, 2013ರ ಏಪ್ರಿಲ್‌ನಲ್ಲಿ, 9–8ರ ಬಹುಮತದಿಂದ ನಿಷೇಧ ಉಳಿಯಿತು. ಸಂಸತ್ತು ವಿಷಯವನ್ನು ವಿವರವಾಗಿ ಪರಿಶೀಲಿಸಿತ್ತು ಎಂಬ ಅಂಶಕ್ಕೆ ನ್ಯಾಯಾಲಯ ತೂಕ ಕೊಟ್ಟಿತು. ಒಂದು ಮತದ ಅಂತರ. ಕಾರಣಗಳನ್ನು ಮುಚ್ಚಿಟ್ಟಿದ್ದರೆ ಆ ಒಂದು ಮತ ಎಲ್ಲಿ ಬೀಳುತ್ತಿತ್ತು ಎಂದು ಯೋಚಿಸಿ.

ಲೆಕ್ಕದಪುಸ್ತಕ

ಹೇಳುವ ಮೌಲ್ಯವೂ ಆಯವ್ಯಯವೂ ಒಂದೇ ದಿಕ್ಕಿಗೆ ಮುಖ ಮಾಡಿರಬೇಕು, ಇಲ್ಲದಿದ್ದರೆ ಹೇಳದಿರುವುದೇ ವಾಸಿ. ಫ್ರಾನ್ಸ್‌ನಲ್ಲಿ 2018ರ ಆರಂಭದಲ್ಲಿ ಸಂಪತ್ತಿನ ಮೇಲಿನ ತೆರಿಗೆಯನ್ನು ತೆಗೆದು ಸ್ಥಿರಾಸ್ತಿಗಷ್ಟೇ ಸೀಮಿತಗೊಳಿಸಿದರು. ಅದೇ ಸರ್ಕಾರ 2019ರ ಜನವರಿಯಿಂದ ಡೀಸೆಲ್‌ಗೆ ಲೀಟರಿಗೆ 6.5 ಸೆಂಟ್, ಪೆಟ್ರೋಲಿಗೆ 2.9 ಸೆಂಟ್ ತೆರಿಗೆ ಏರಿಸಲು ಹೊರಟಿತು. ಹೇಳಿದ ಕಾರಣ ಪರಿಸರ. ಕಾರಿಲ್ಲದೆ ಕೆಲಸಕ್ಕೆ ಹೋಗಲಾಗದ ಊರುಗಳ ಜನ ಎರಡೂ ಸಾಲನ್ನು ಕೂಡಿಸಿ ಓದಿದರು: ಹೊರೆ ನಮಗೆ, ವಿನಾಯಿತಿ ಅವರಿಗೆ. 2018ರ ನವೆಂಬರ್ 17ರಿಂದ ಹಳದಿ ಅಂಗಿ ತೊಟ್ಟ ಪ್ರತಿಭಟನಕಾರರು ರಸ್ತೆಗಿಳಿದರು, ಡಿಸೆಂಬರಿನಲ್ಲಿ ಏರಿಕೆ ರದ್ದಾಯಿತು.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2008ರ ಜುಲೈನಲ್ಲಿ ಇಂಗಾಲದ ತೆರಿಗೆ ಬಂದದ್ದು ಬೇರೆ ರೀತಿ. ಟನ್‌ಗೆ 10 ಡಾಲರ್‌ನಿಂದ ಶುರು, ವರ್ಷಕ್ಕೆ 5ರಂತೆ ಏರಿ 2012ಕ್ಕೆ 30. ಮಾಲಿನ್ಯಕ್ಕೆ ಬೆಲೆ ಕಟ್ಟುತ್ತೇವೆ, ಆದರೆ ಖಜಾನೆ ತುಂಬಿಸಿಕೊಳ್ಳುವುದಿಲ್ಲ ಎಂಬ ಮಾತನ್ನು ಕಾನೂನಿನಲ್ಲೇ ಬರೆದು, ಬಂದ ಹಣವನ್ನು ಆದಾಯ ತೆರಿಗೆ ಕಡಿತ ಮತ್ತು ಕಡಿಮೆ ಆದಾಯದವರ ನೆರವಿನ ರೂಪದಲ್ಲಿ ಹಿಂದಿರುಗಿಸಿದರು. 2009ರ ಚುನಾವಣೆಯಲ್ಲಿ ವಿರೋಧ ಪಕ್ಷ ತೆರಿಗೆ ರದ್ದತಿಯನ್ನೇ ಘೋಷಣೆ ಮಾಡಿಕೊಂಡರೂ ಆಡಳಿತ ಪಕ್ಷ ಗೆದ್ದಿತು. ಹಣ ಹಿಂದಿರುಗಿಸುವ ನಿಯಮವನ್ನು 2017ರಲ್ಲಿ ಕೈಬಿಡಲಾಯಿತು. ಗ್ರಾಹಕರ ಮೇಲಿನ ತೆರಿಗೆಯೇ 2025ರ ಏಪ್ರಿಲ್ 1ಕ್ಕೆ ಹೋಯಿತು. ಎರಡಕ್ಕೂ ನೇರ ನಂಟು ಕಟ್ಟಲಾರೆ, ನಡುವೆ ಕೇಂದ್ರದ ರಾಜಕೀಯವೂ ಇದೆ.

ವೈದ್ಯನೀತಿ

ಇನ್ನೊಂದು ಹೊಂಡವನ್ನು ಗುರುತು ಮಾಡಿಡುತ್ತೇನೆ. ಸಂಶೋಧಕರಾದ ಮ್ಯಾಥ್ಯೂ ಫೈನ್‌ಬರ್ಗ್ ಮತ್ತು ರಾಬ್ ವಿಲ್ಲರ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಿಸರ ರಕ್ಷಣೆಯನ್ನು ಹಾನಿಯ ಬದಲು ಶುದ್ಧತೆಯ ಭಾಷೆಯಲ್ಲಿ ಹೇಳಿದಾಗ ಸಂಪ್ರದಾಯವಾದಿಗಳ ಬೆಂಬಲ ಹೆಚ್ಚಿತು. ಪ್ರಚಾರ ತಂತ್ರಜ್ಞರು ಇದನ್ನು ಹಿಡಿದುಕೊಂಡು ಬೆಳಿಗ್ಗೆ ಒಂದು ಗುಂಪಿಗೆ ಕರುಣೆ, ಸಂಜೆ ಇನ್ನೊಂದಕ್ಕೆ ಶಿಸ್ತು ಎಂದು ಬಡಿಸುತ್ತಾರೆ. ಕೇಳುಗರ ಭಾಷೆಯಲ್ಲಿ ಹೇಳುವುದು ತಪ್ಪಲ್ಲ. ಆದರೆ ತೀರ್ಮಾನಕ್ಕೆ ನಿಜಕ್ಕೂ ಕಾರಣವಾದದ್ದು ಎಲ್ಲ ಆವೃತ್ತಿಗಳಲ್ಲೂ ಇರಬೇಕು. ಎರಡೂ ಸಭೆಯ ಭಾಷಣಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ ಸೋತವರ ಪಟ್ಟಿ ಒಂದೇ ಆಗಿದೆಯೇ ನೋಡಿ. ಬೇರೆಯಾಗಿದ್ದರೆ ಯಾರಿಗೋ ಸುಳ್ಳು ಹೇಳಲಾಗಿದೆ.

ಸಂದೇಹಿ

ಸರಿ, ಬರೆಯುವುದು ಹೇಗೆ? ತತ್ತ್ವ ಸಾಕು, ಹಾಳೆ ತೋರಿಸಿ.

ಕಡತಜೀವಿ

ಒಂದು ಪುಟ ಸಾಕು, ನಿಯಮದ ಕರಡಿಗಿಂತ ಮೊದಲೇ ಬರೆಯಬೇಕು. ಆಮೇಲೆ ಬರೆದರೆ ಅದು ಸಮರ್ಥನೆಯಾಗುತ್ತದೆ, ಕಾರಣವಾಗುವುದಿಲ್ಲ. ಮೊದಲ ಸಾಲಿನಲ್ಲಿ ಎದುರುಬದುರಾದ ಎರಡು ಒಳಿತುಗಳ ಹೆಸರು. ಆಮೇಲೆ ಯಾವುದಕ್ಕೆ ಮೊದಲ ಸ್ಥಾನ, ಎಷ್ಟರವರೆಗೆ. ಈ 'ಎಷ್ಟರವರೆಗೆ' ಇಲ್ಲದಿದ್ದರೆ ಅಧಿಕಾರಿಗಳು ಅದನ್ನು ಅನಂತಕ್ಕೆ ಎಳೆಯುತ್ತಾರೆ ಅಥವಾ ಕಡೆಗಣಿಸುತ್ತಾರೆ. ಅದರ ಕೆಳಗೆ ಯಾರಿಗೆ ನಷ್ಟ, ಅಂದಾಜು ಎಷ್ಟು ಮಂದಿಗೆ. ಆ ಮೌಲ್ಯ ನಿಯಮದ ಯಾವ ಕಲಮಿನಲ್ಲಿ, ಯಾವ ಅಂಕಿಯಲ್ಲಿ ಕೆಲಸ ಮಾಡಿದೆ ಎಂಬುದನ್ನು ಬೆರಳಿಟ್ಟು ತೋರಿಸಬೇಕು. ತೋರಿಸಲಾಗದ ಮೌಲ್ಯವನ್ನು ಹೊಡೆದುಹಾಕಿ. ಕೊನೆಗೆ, ಯಾವ ಸಂಗತಿ ಕಂಡುಬಂದರೆ ನಿಲುವು ಬದಲಿಸುತ್ತೇವೆ, ಯಾವ ದಿನಾಂಕದಂದು ನೋಡುತ್ತೇವೆ. ಸಹಿ ಮಂತ್ರಿಯದೇ ಇರಬೇಕು. ಅಂಕಿಗೆ ಅಧಿಕಾರಿ ಹೊಣೆ, ಆಯ್ಕೆಗೆ ಆರಿಸಿ ಬಂದವರು ಹೊಣೆ.

ಕೆಡುವುದು ಹೆಚ್ಚಾಗಿ ತಿದ್ದುವಾಗ. ಕಡತ ಇಲಾಖೆಯಿಂದ ಇಲಾಖೆಗೆ ಹೋಗುತ್ತ 'ಜೊತೆಗೆ', 'ಸೂಕ್ತ ಸಮತೋಲನದೊಂದಿಗೆ', 'ಇವುಗಳನ್ನೂ ಗಮನದಲ್ಲಿಟ್ಟುಕೊಂಡು' ಸೇರಿಕೊಳ್ಳುತ್ತವೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಈ ಮೂರು ಪದಗುಚ್ಛ ಕಂಡಲ್ಲೆಲ್ಲ ತೆಗೆದು ಓದಿ. ಸಾಮಾನ್ಯವಾಗಿ ಮೊದಲ ಕರಡು ಮರಳಿ ಸಿಗುತ್ತದೆ.

ಸಂದೇಹಿ

ನಿಮ್ಮ 1,000 ಕುಟುಂಬಕ್ಕೇ ತುಂಬಿಸಿ ತೋರಿಸಿ.

ಕಡತಜೀವಿ

'ಅರ್ಹರನ್ನು ತಲುಪುವುದು ಮತ್ತು ಹಣದ ಸೋರಿಕೆ ತಡೆಯುವುದು ಈ ಯೋಜನೆಯಲ್ಲಿ ಪರಸ್ಪರ ವಿರುದ್ಧವಾಗಿವೆ. ತಲುಪುವುದಕ್ಕೆ ಮೊದಲ ಸ್ಥಾನ ಕೊಟ್ಟಿದ್ದೇವೆ. ಒಂದು ಅರ್ಹ ಕುಟುಂಬವನ್ನು ಒಳತರಲು ಮೂರು ಅನರ್ಹ ಕುಟುಂಬಗಳಿಗೆ ಹಣ ಹೋಗುವುದನ್ನು ಸಹಿಸುತ್ತೇವೆ, ಅದಕ್ಕಿಂತ ಹೆಚ್ಚನ್ನು ಸಹಿಸುವುದಿಲ್ಲ. ಈಗಿನ ಅಂದಾಜು 2.4. ನಷ್ಟ ತೆರಿಗೆದಾರರಿಗೆ: ಸುಮಾರು 120 ಅನರ್ಹ ಕುಟುಂಬಗಳ ಪಾವತಿ. ಆದ್ದರಿಂದಲೇ ದಾಖಲೆಯ ಕಲಮಿನಲ್ಲಿ ಮೂರರ ಬದಲು ಒಂದು ದಾಖಲೆ ಎಂದಿದೆ. 12 ತಿಂಗಳ ನಂತರ 100 ಕುಟುಂಬಗಳ ಮಾದರಿ ತಪಾಸಣೆ ಮಾಡಿ ಅನುಪಾತ 3 ದಾಟಿದ್ದರೆ ಎರಡನೆಯ ದಾಖಲೆ ಕೇಳುತ್ತೇವೆ. ಬಿಟ್ಟುಹೋದವರು 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು.'

ಲೆಕ್ಕದಪುಸ್ತಕ

100ರ ಮಾದರಿ ಚಿಕ್ಕದು. ಹೊರಗುಳಿದವರು 1,000ಕ್ಕೆ 15 ಎಂದರೆ 100ರಲ್ಲಿ ಒಬ್ಬರೋ ಇಬ್ಬರೋ ಸಿಗುತ್ತಾರೆ, ಸಿಗದೆಯೂ ಹೋಗಬಹುದು. ಮೇಲಾಗಿ ಅವರು ಫಲಾನುಭವಿಗಳ ಪಟ್ಟಿಯಲ್ಲೇ ಇರುವುದಿಲ್ಲ. ಪಟ್ಟಿಯ ಹೊರಗಿನವರನ್ನು ಪ್ರತ್ಯೇಕವಾಗಿ, ಮನೆಮನೆ ಸಮೀಕ್ಷೆಯಿಂದ, ಕನಿಷ್ಠ 400 ಮನೆ ನೋಡಬೇಕು.

ವೈದ್ಯನೀತಿ

ಮೇಲ್ಮನವಿಯ ಸಾಲು ಅರ್ಧಕ್ಕೆ ನಿಂತಿದೆ. ಎರಡನೆಯ ದಾಖಲೆ ಕೇಳಲು ಶುರುವಾದ ಮೇಲೆ ಕೆಲವರ ಹೆಸರು ತೆಗೆದುಹಾಕುತ್ತೀರಿ. ಅವರ ಮೇಲ್ಮನವಿ ಇತ್ಯರ್ಥವಾಗುವವರೆಗೆ ಹಣ ಕೊಡುತ್ತಿರುತ್ತೀರೋ, ನಿಲ್ಲಿಸುತ್ತೀರೋ? ಅದೂ ಅದೇ ಮೌಲ್ಯದ ಪ್ರಶ್ನೆ.

ಕಡತಜೀವಿ

ನಿಜ, ಬಿಟ್ಟುಹೋಗಿತ್ತು. ಮೊದಲ ಸಾಲಿಗೆ ಬದ್ಧವಾಗಿರಬೇಕಾದರೆ ಕೊಡುತ್ತಿರಬೇಕು. ಹೀಗೆ ಸೇರಿಸುತ್ತೇನೆ: 'ಮೇಲ್ಮನವಿ ಇತ್ಯರ್ಥವಾಗುವವರೆಗೆ ಪಾವತಿ ಮುಂದುವರಿಯುತ್ತದೆ, ಮನವಿ ತಿರಸ್ಕೃತವಾದರೂ, ಸುಳ್ಳು ಘೋಷಣೆ ಸಾಬೀತಾಗದ ಹೊರತು ಕೊಟ್ಟ ಹಣವನ್ನು ವಸೂಲಿ ಮಾಡುವುದಿಲ್ಲ.'

ಕೊನೆಬೆಂಚು

ಹಣಕಾಸು ಇಲಾಖೆಯವರು ಆ ಕೊನೆಯ ಸಾಲಿಗೆ 'ಸೂಕ್ತ ಸಮತೋಲನದೊಂದಿಗೆ' ಅಂತ ಸೇರಿಸ್ತಾರೆ, ನೋಡ್ತಿರಿ.